ಹ್ಯಾಡ್‌ಸ್ಟೋ ಹೊಲದ ದಾರಿಗೆ ಅನುಮತಿ ಕೇಳಿದವಳ ಅಹವಾಲು

ಕೌಂಟಿ ಕೌನ್ಸಿಲ್‌ನ ಕಾಲುದಾರಿ ಅಧಿಕಾರಿಗಳಿಗೆ,

ಮಾನ್ಯರೇ,

ನಿಮಗೆ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳಬೇಕು. ಪತ್ರ ಬರೆಯುವ ವಿಷಯದಲ್ಲಿ ನನ್ನ ಪೂರ್ವಚರಿತ್ರೆ ಒಳ್ಳೆಯದಲ್ಲ. ಕಳೆದ ವರ್ಷ ನಾನು ಬರೆದ ಎಂಟು ಸಾಲಿನ ಪತ್ರದಿಂದ ಒಂದು ಊರಿನ ಕಾಲುದಾರಿಯೇ ಹೋಯಿತು. ಹಾಗೆಂದವರು ನೀವೇ. ಹ್ಯಾಡ್‌ಸ್ಟೋದಿಂದ ಕ್ವೆನ್‌ಬರಿ ಸಂತೆಪೇಟೆಗೆ ಹೊಲಗಳ ನಡುವೆ ಹೋಗುವ ದಾರಿಯನ್ನು ಸಾರ್ವಜನಿಕ ದಾರಿಗಳ ನಕ್ಷೆಗೆ ಸೇರಿಸಿ ಎಂದು ಊರಿನವರು ಹಾಕಿದ್ದ ಅರ್ಜಿಯನ್ನು ನೀವು ತಿರಸ್ಕರಿಸಿದ್ದೀರಿ. ಕಾರಣ ಒಂದೇ: ಅಲ್ಲಿ ನಡೆಯಬಹುದೇ ಎಂದು ನಾನು ಹೊಲದ ಮಾಲೀಕರನ್ನು ಕೇಳಿದ್ದು.

ಕಾನೂನು ಈಗ ನನಗೆ ಬಾಯಿಪಾಠವಾಗಿದೆ. ನಕ್ಷೆಯಲ್ಲಿಲ್ಲದ ದಾರಿಯಲ್ಲಿ ಜನ ಇಪ್ಪತ್ತು ವರ್ಷ ಬೇಲಿ ಮುರಿಯದೆ, ಕದ್ದುಮುಚ್ಚದೆ, ಯಾರ ಅನುಮತಿಯನ್ನೂ ಪಡೆಯದೆ ನಡೆದರೆ ಅದು ಎಲ್ಲರ ಹಕ್ಕಾಗುತ್ತದೆ. ಅನುಮತಿ ಪಡೆದು ನಡೆದರೆ ಅದು ಮಾಲೀಕರ ಔದಾರ್ಯ. ಅವರು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಅಂದರೆ ಇಪ್ಪತ್ತು ವರ್ಷ ಯಾರ ಮುಖವನ್ನೂ ನೋಡದೆ ನಡೆದವನು ಊರಿಗೆ ಉಪಕಾರಿ, ಒಮ್ಮೆ ಬಾಗಿಲು ತಟ್ಟಿ ಕೇಳಿದವಳು ದ್ರೋಹಿ. ಇದನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆ, ಮಾನ್ಯರೇ? ನನ್ನ ಶಾಲೆಯಲ್ಲಂತೂ ಕಲಿಸಲಿಲ್ಲ.

ನನ್ನ ಅಮ್ಮ ಇಂಗ್ಲೆಂಡಿನವರು, ಅಪ್ಪ ಪೋರ್ಚುಗಲ್ಲಿನವರು, ಹಡಗಿನ ಎಂಜಿನಿಯರು. ಎಂಟನೇ ವಯಸ್ಸಿಗೆ ನನ್ನನ್ನು ಹಾಸ್ಟೆಲ್ ಶಾಲೆಗೆ ಸೇರಿಸಿದರು. ಗೇಟು ದಾಟಲು ಚೀಟಿ, ಊಟದ ಮೇಜಿನಿಂದ ಏಳಲು ಅಪ್ಪಣೆ, ಕಿಟಕಿ ತೆರೆಯಲೂ ಅಪ್ಪಣೆ. ಹತ್ತು ವರ್ಷ ಹೀಗೆ ಬೆಳೆದ ಮೇಲೆ, ಈಗ ವಿಶ್ವವಿದ್ಯಾಲಯದ ಮೊದಲ ವರ್ಷದಲ್ಲೂ, ಗ್ರಂಥಾಲಯದ ಖಾಲಿ ಕುರ್ಚಿಯ ಮುಂದೆ ನಿಂತು ಯಾರಾದರೂ ಹೂಂ ಅನ್ನಲಿ ಎಂದು ಕಾಯುತ್ತೇನೆ. ರಜೆಗೆ ಮಾತ್ರ ಹ್ಯಾಡ್‌ಸ್ಟೋದಲ್ಲಿ ಗಿಲಿಯನ್ ದೊಡ್ಡಮ್ಮನ ಮನೆ. ಗುರುವಾರ ಸಂತೆಯ ದಿನ ಊರಿನ ಹತ್ತು ಹನ್ನೊಂದು ಜನ ಒಟ್ಟಿಗೆ ಹೊರಟು, ಬಾರ್ಲಿ ಹೊಲದ ಅಂಚು ಹಿಡಿದು, ಹಳ್ಳಕ್ಕೆ ತಾವೇ ಹಾಕಿಕೊಂಡ ಹಲಗೆ ಸೇತುವೆ ದಾಟಿ, ಬೇಲಿಯ ಬ್ಲ್ಯಾಕ್‌ಬೆರಿ ಬಾಯಿಗೆ ಹಾಕಿಕೊಳ್ಳುತ್ತ ಕ್ವೆನ್‌ಬರಿ ಸೇರುತ್ತಿದ್ದೆವು. ಏರಿಲ್ಲ, ಇಳಿಜಾರಿಲ್ಲ, ಎರಡೇ ಮೈಲಿ. ಬದುಕಿನಲ್ಲಿ ನಾನು ಯಾರನ್ನೂ ಕೇಳದೆ ಮಾಡುತ್ತಿದ್ದ ಕೆಲಸ ಅದೊಂದೇ. ಅದನ್ನೂ ಹೋಗಿ ಕೇಳಿಬಿಟ್ಟೆ.

ಹೊಲ ಹೊಸ ಮಾಲೀಕರ ಕೈಗೆ ಬಂದಿತ್ತು. ಗೇಟಿಗೆ ಹೊಸ ತಂತಿ ಕಂಡಿತು. ನನಗೆ ಆಗ ಹದಿನೇಳು. ಇನ್ನು ನಮ್ಮನ್ನು ತಡೆದಾರು ಅನಿಸಿತು. ಯಾರಿಗೂ ಹೇಳದೆ, 'ಹ್ಯಾಡ್‌ಸ್ಟೋ ಗ್ರಾಮಸ್ಥರ ಪರವಾಗಿ' ಎಂದು ಮೇಲೆ ಬರೆದು, ನಿಮ್ಮ ಹೊಲದಲ್ಲಿ ನಡೆಯಲು ದಯವಿಟ್ಟು ಅನುಮತಿ ಕೊಡಿ ಎಂದು ಕೇಳಿದೆ. ಉತ್ತರ ಮೂರೇ ದಿನಕ್ಕೆ ಬಂತು: ಸಂತೋಷದಿಂದ ಕೊಟ್ಟಿದ್ದೇನೆ, ಇಷ್ಟು ಸಭ್ಯರು ಈ ಕಾಲದಲ್ಲಿ ಅಪರೂಪ. ನಾನು ಹಿಗ್ಗಿ ಅದನ್ನು ಪುಸ್ತಕದಲ್ಲಿಟ್ಟುಕೊಂಡೆ. ಅವರು ನನ್ನ ಪತ್ರವನ್ನು ಫೈಲಿನಲ್ಲಿಟ್ಟುಕೊಂಡರು. ಹಲಗೆ ಸೇತುವೆ ಹಾಕಿ ಊರವರು ಅಲ್ಲಿ ನಡೆಯತೊಡಗಿ ಆಗ ಹತ್ತೊಂಬತ್ತು ವರ್ಷ ಏಳು ತಿಂಗಳು; ಇಪ್ಪತ್ತಕ್ಕೆ ಐದೇ ತಿಂಗಳು ಬಾಕಿ. ಈ ಸೆಪ್ಟೆಂಬರಿನಲ್ಲಿ ಗೇಟಿಗೆ ಬೀಗ ಬಿತ್ತು.

ನಾನು ವಾರಾಂತ್ಯಕ್ಕೆ ಬಂದಿದ್ದಾಗ ನಿಮ್ಮ ನಿರಾಕರಣೆಯ ಪತ್ರವನ್ನು ದೊಡ್ಡಮ್ಮನ ಅಡುಗೆಮನೆಯಲ್ಲಿ ಜೋರಾಗಿ ಓದಿದವರು ಬ್ಯಾರಿ ಟನಿಕ್ಲಿಫ್. ನಿವೃತ್ತ ಅಂಚೆಯವರು, ಗುರುವಾರದ ನಡಿಗೆಯಲ್ಲಿ ಯಾವಾಗಲೂ ಮುಂದಿರುವವರು.

"ಅಷ್ಟು ವರ್ಷ ಆ ಹೊಲ ತುಳಿದೆ, ಒಂದು ದಿನ ಹಳೇ ಮಾಲೀಕನಿಗೆ ನೆಟ್ಟಗೆ ನಮಸ್ಕಾರ ಹೇಳಿಲ್ಲ. ಈಗ ನೋಡಿದ್ರೆ ಅದೇ ಊರಿಗೆ ಮಾಡಿದ ಸೇವೆ," ಎಂದರು.

"ನೀನು ಯಾರಿಗೆ ನೆಟ್ಟಗೆ ಹೇಳಿದ್ದೀಯ? ಬಿಸ್ಕತ್ತು ತಗೋ, ಸುಮ್ನಿರು," ಎಂದರು ದೊಡ್ಡಮ್ಮ.

"ನೋಡಮ್ಮ ಇನೆಸ್, ಮದುವೆ ಆಗ್ತೀಯಾ ಅಂತ ನನ್ನಾಕೆನ ಕೇಳೋಕೆ ನಾನು ನಾಲ್ಕು ವರ್ಷ ತಗೊಂಡೆ. ನಿನಗೆ ಐದು ತಿಂಗಳು ತಡ್ಕೊಳ್ಳೋಕೆ ಆಗ್ಲಿಲ್ವಾ?" ಎಂದರು ಬ್ಯಾರಿ.

ಸುತ್ತ ಕುಳಿತಿದ್ದ ಗುರುವಾರದ ಗುಂಪಿನವರೆಲ್ಲ ನಕ್ಕರು. ನಾನೂ ನಗುವ ಹಾಗೆ ಮುಖ ಮಾಡಿದೆ. ಅವರೆಲ್ಲ ಹೋದ ಮೇಲೆ ದೊಡ್ಡಮ್ಮ ಲೋಟ ತೊಳೆಯುತ್ತ, ನನ್ನ ಕಡೆ ತಿರುಗದೆ, "ನೀನು ಕೇಳಿದ್ದು ತಪ್ಪಲ್ಲ ಕಣೇ. ಕೇಳದೇ ಇದ್ದಿದ್ರೆ ಚೆನ್ನಾಗಿತ್ತು, ಅಷ್ಟೆ," ಎಂದರು.

ಅವರು ಬೈದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ.

ದೊಡ್ಡಮ್ಮನಿಗೆ ಐವತ್ತೆಂಟು. ಕ್ವೆನ್‌ಬರಿಯ ಬೇಕರಿಯಲ್ಲಿ ಕೆಲಸ; ಬೆಳಗ್ಗೆ ಏಳಕ್ಕೆ ಅಲ್ಲಿರಬೇಕು. ನಾಲ್ಕು ವರ್ಷದ ಹಿಂದೆ ಫಿಟ್ಸ್ ಶುರುವಾಗಿ ಕಾರು ಓಡಿಸುವ ಲೈಸೆನ್ಸ್ ಹೋಯಿತು. ಬಸ್ಸು ಬರುವುದು ಗುರುವಾರ ಮಾತ್ರ, ಅದೂ ಹತ್ತು ಗಂಟೆಗೆ. ಹಾಗಾಗಿ ಹೊಲದ ದಾರಿಯಲ್ಲಿ ನಡೆದೇ ಹೋಗುತ್ತಿದ್ದರು. ಈಗ ಹಿಂದಿನ ದಿನ ಸಂಜೆಯೇ ಕಾರಿರುವ ಒಬ್ಬೊಬ್ಬರಿಗೆ ಫೋನ್ ಮಾಡಿ, "ನಾಳೆ ನನ್ನನ್ನ ಯಾರು ಹೊತ್ಕೊಂಡು ಹೋಗ್ತೀರಪ್ಪ?" ಎಂದು ನಗುತ್ತ ಕೇಳುತ್ತಾರೆ. ಫೋನ್ ಇಟ್ಟ ಮೇಲೆ ನಗು ಇರುವುದಿಲ್ಲ. ಕಳೆದ ಎರಡು ವಾರದಲ್ಲಿ ಐದು ದಿನ ಯಾರೂ ಸಿಗಲಿಲ್ಲ. ಕೋಟು ಹಾಕಿಕೊಂಡೇ ಅಡುಗೆಮನೆಯಲ್ಲಿ ಕುಳಿತಿದ್ದರು. ಬೇಕರಿಯ ಯಜಮಾನಿ ಕೆಟ್ಟವರಲ್ಲ. "ಕ್ರಿಸ್‌ಮಸ್‌ವರೆಗೂ ಕಾಯ್ತೀನಿ ಗಿಲಿಯನ್, ಆಮೇಲೆ ನಾನೂ ಏನ್ ಮಾಡ್ಲಿ?" ಎಂದಿದ್ದಾರೆ.

'ಪರ್ಯಾಯವಾಗಿ ರಸ್ತೆ ಲಭ್ಯವಿದೆ' ಎಂದು ನೀವು ಬರೆದಿದ್ದೀರಿ. ಆ ರಸ್ತೆಯಲ್ಲಿ ನಡೆದಿದ್ದೀರಾ? ಪಾದಚಾರಿ ಅಂಚಿಲ್ಲ, ಎರಡೂ ಕಡೆ ಬೇಲಿ, ಈ ಋತುವಿನಲ್ಲಿ ಸಕ್ಕರೆ ಕಾರ್ಖಾನೆಗೆ ಬೀಟ್‌ಗಡ್ಡೆ ಹೊತ್ತ ಲಾರಿಗಳು. ಅವು ಬಂದಾಗ ಬೇಲಿಯ ಮುಳ್ಳಿಗೆ ಬೆನ್ನು ಒತ್ತಿಕೊಂಡು ನಿಲ್ಲಬೇಕು. ಅಲ್ಲಿ ದೊಡ್ಡಮ್ಮನಿಗೆ ಫಿಟ್ಸ್ ಬಂದರೆ ಅವರು ಯಾವ ಕಡೆಗೆ ಬೀಳಬೇಕೆಂದು ನಿಮ್ಮ ಕಚೇರಿಯ ಸೂಚನೆ?

ದಾರಿ ಬಳಸಿದ ಪ್ರತಿಯೊಬ್ಬರೂ ಅರ್ಜಿಯ ಜೊತೆ ತುಂಬಬೇಕಾದ ನಿಮ್ಮ ಫಾರಂನ ಒಂಬತ್ತನೇ ಪ್ರಶ್ನೆ, ಎಂದಾದರೂ ಅನುಮತಿ ಕೇಳಿದ್ದೀರಾ ಎಂಬುದು. ಹೌದು ಎಂದರೆ ದಾರಿ ಹೋಗುತ್ತದೆ, ಇಲ್ಲ ಎಂದರೆ ಸುಳ್ಳು. ನಾನು ಹೌದು ಎಂದು ಗುರುತು ಹಾಕಿದೆ. ಉಳಿದ ಮೂವತ್ತೊಂದು ಜನ ಇಲ್ಲ ಎಂದು ಹಾಕಿದರು. ಅವರದೂ ನಿಜ. ಅವರಲ್ಲಿ ಯಾರೂ ನನ್ನನ್ನು ತಮ್ಮ ಪರವಾಗಿ ಕಳಿಸಿರಲಿಲ್ಲ. ಮಾಲೀಕರ ಉತ್ತರವನ್ನು ನಾನು ಯಾರಿಗೂ ತೋರಿಸಿರಲೂ ಇಲ್ಲ. ತಾವು ಕೇಳದ, ತಮಗೆ ಗೊತ್ತೇ ಇಲ್ಲದ ಅನುಮತಿಯ ಮೇಲೆ ಅವರು ನಡೆದದ್ದು ಹೇಗೆ? ಹದಿನೇಳರ ಹುಡುಗಿಗೆ ಮತ ಹಾಕುವ ಹಕ್ಕಿಲ್ಲ, ಇಡೀ ಊರಿನ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ಮಾತ್ರ ಇತ್ತೇ?

ಆದ್ದರಿಂದ ನನ್ನ ಬೇಡಿಕೆ ಇದು. ತೀರ್ಮಾನವನ್ನು ಮರುಪರಿಶೀಲಿಸಿ. ಅನುಮತಿ ಕೇಳಿದ್ದು ನಾನು; ಅದು ನನ್ನ ಎರಡು ಕಾಲುಗಳಿಗೆ ಮಾತ್ರ ಅನ್ವಯಿಸಲಿ. ದಾರಿಯನ್ನು ನಕ್ಷೆಗೆ ಸೇರಿಸಿ, ಗೇಟಿನ ಬೀಗ ತೆಗೆಸಿ. ಬೇಕಿದ್ದರೆ ಪಕ್ಕದಲ್ಲಿ ಒಂದು ಫಲಕ ಹಾಕಿ: ಇನೆಸ್ ಟವೋರಾ ಒಬ್ಬಳನ್ನು ಬಿಟ್ಟು ಉಳಿದೆಲ್ಲರೂ ಇಲ್ಲಿ ನಡೆಯಬಹುದು. ನಾನು ಗೇಟಿನ ಈಚೆಗೇ ನಿಂತು ದೊಡ್ಡಮ್ಮನನ್ನು ಕಳಿಸಿಕೊಡುತ್ತೇನೆ. ಇದಕ್ಕೆ ಮಾಲೀಕರನ್ನು ಕೇಳುವುದಿಲ್ಲ.

ಕ್ರಿಸ್‌ಮಸ್‌ಗೆ ಐದು ವಾರ ಉಳಿದಿದೆ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ಇಂತಿ,
ಒಂಬತ್ತನೇ ಪ್ರಶ್ನೆಗೆ ಹೌದು ಎಂದ ಒಬ್ಬಳೇ ಅರ್ಜಿದಾರಳು,
ಇನೆಸ್ ಟವೋರಾ