ಮೂಲೆಯ ಹನ್ನೆರಡು ಬೋಲ್ಟು

ಮಂಗಳೂರು
ಎರಡನೆಯ ಗಾಳಿತಿಂಗಳು, ದಿನ ಒಂಬತ್ತು, ಇಸವಿ ೨೧೧೮

ಕಟ್ಟಡಗಳಿಗೆ ಹೊರಗೋಡೆ ಹೊದಿಸುತ್ತಿರುವ ಹಿರಿಯರಿಗೆ,

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಮಾತು ಒರಟಾದರೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಗಾಳಿತಿಂಗಳು ಎಂದರೆ ಕಡಲ ಗಾಳಿಗೆ ಹೆದರಿ ಶಾಲೆಗಳಿಗೆ ರಜೆ ಕೊಡುವ ನಾಲ್ಕು ತಿಂಗಳು. ಆಗ ಬಟ್ಟೆ ಮನೆಯೊಳಗೇ ಒಣಗುತ್ತದೆ, ಮೀನಿನ ಮಾರ್ಕೆಟ್ಟು ನೆಲಮಾಳಿಗೆಗೆ ಇಳಿಯುತ್ತದೆ. ಬಸ್ಸಿನಿಂದ ಇಳಿದವರು ಕೈಹಗ್ಗ, ಅಂದರೆ ರಸ್ತೆಬದಿಗೆ ಎದೆಯೆತ್ತರದಲ್ಲಿ ಕಟ್ಟಿದ ಹಗ್ಗ, ಹಿಡಿದು ಮನೆ ಸೇರುತ್ತಾರೆ. ಇದೆಲ್ಲ ನಮಗೆ ರೂಢಿಯಾಗಿದೆ. ರೂಢಿಯಾಗದಿರುವುದು ನೀವು ಬಿಟ್ಟುಹೋದ ಗೋಡೆಗಳು.

ನನ್ನ ಹೆಸರು ವಾರಿಜಾ ಕಾಂಚನ್. ಹಳೆಯ ಕಟ್ಟಡಗಳ ಹೊರಗೋಡೆ ಪರೀಕ್ಷಿಸುವುದು ನನ್ನ ಕೆಲಸ. ನನ್ನ ಜೊತೆಗಾರ ಲ್ಯಾನ್ಸಿ ಮೊಂತೇರೊ ಹಗ್ಗದಲ್ಲಿ ಇಳಿದು, ಗೋಡೆಗೆ ಹೊದಿಸಿದ ಪ್ಯಾನೆಲನ್ನು ಬಲಗೈಯ ಗೆಣ್ಣಿನಿಂದ ತಟ್ಟಿ, ಹಿಂದೆ ಹಿಡಿತ ಎಷ್ಟಿದೆಯೆಂದು ಹೇಳಿಬಿಡುತ್ತಿದ್ದ.

ಕಳೆದ ತಿಂಗಳು ಕಡಲಿಗೆದುರಾದ ಇಪ್ಪತ್ತೆರಡು ಮಹಡಿಯ ಕಟ್ಟಡವೊಂದರ ಮೂಲೆಯಲ್ಲಿ ತಟ್ಟಿದವನು ಮುಖ ಗಂಟಿಕ್ಕಿದ. ಒಂದು ಪ್ಯಾನೆಲ್ ಬಿಚ್ಚಿಸಿದೆವು. ಹಿಂದೆ ಆರು ಬೋಲ್ಟು. ನಿಮ್ಮ ಕಾಲದ ನಕ್ಷೆಯಲ್ಲಿ ಹನ್ನೆರಡು. ಗಾಳಿ ಗೋಡೆಯನ್ನು ಬರೀ ತಳ್ಳುವುದಿಲ್ಲ. ಮೂಲೆ ತಿರುಗುವಾಗ ಹೊರಕ್ಕೆ ಸೆಳೆಯುತ್ತದೆ, ನಡುಗೋಡೆಗಿಂತ ಎಷ್ಟೋ ಜೋರಾಗಿ. ಇದು ನಾವು ಕಂಡುಹಿಡಿದದ್ದಲ್ಲ, ನಿಮಗೇ ಗೊತ್ತಿತ್ತು. ಅದಕ್ಕೇ ಹನ್ನೆರಡು ಎಂದು ಬರೆದಿದ್ದಿರಿ. ಆಮೇಲೆ ಯಾರೋ ಅದನ್ನು ಹೊಡೆದುಹಾಕಿ ಅಂಚಿನಲ್ಲಿ ಗೀಚಿದ್ದರು: "ಮೂಲೆಗೂ ನಡುವಿನಷ್ಟೇ ಸಾಕು. ಉದ್ಘಾಟನೆಗೆ ಹನ್ನೊಂದೇ ದಿನ ಇದೆ."

ಮೂಲೆಯ ಪ್ಯಾನೆಲ್‌ಗಳನ್ನೆಲ್ಲ ಕೂಡಲೇ ಇಳಿಸಬೇಕೆಂದು ನಿವಾಸಿಗಳ ಸಂಘದ ಅಧ್ಯಕ್ಷ ಸಂಜೀವ ಶೆಟ್ಟಿಗಾರರಿಗೆ ಹೇಳಿದೆ.

"ಎಂತ ಮೇಡಂ, ನನ್ನ ಅಜ್ಜನ ಕಾಲದ ಬಿಲ್ಡಿಂಗ್ ಇದು. ಇಷ್ಟು ವರ್ಷ ಬೀಳದ್ದು ಈಗ ಬೀಳ್ತದಾ?" ಎಂದರು.

"ಬಿಲ್ಡಿಂಗ್ ಬೀಳುದಿಲ್ಲ. ಪ್ಯಾನೆಲ್ ಹಾರ್ತದೆ. ಕೆಳಗೆ ಜನ ನಡೀತಾರೆ ಮಾರಾಯ್ರೆ!"

"ಗಾಳಿತಿಂಗಳು ಮುಗೀಲಿ, ನೋಡುವ."

ಅದಾದ ಆರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಗಾಳಿಯ ಸೈರನ್ ಕೂಗಿತು. ರಸ್ತೆ ಮುಚ್ಚಲು ನಾವಿಬ್ಬರೂ ಓಡಿದೆವು. ಮೀನಿನ ಬುಟ್ಟಿ ಹೊತ್ತ ಇಬ್ಬರು ಹೆಂಗಸರನ್ನು ಲ್ಯಾನ್ಸಿ ಆಚೆ ದೂಡುತ್ತಿದ್ದಾಗ ಮೇಲೆ ಮೂಲೆಯ ಪ್ಯಾನೆಲ್ ಕಿತ್ತುಬಂತು. ಅದು ನೇರ ಬೀಳಲಿಲ್ಲ, ತಿರುಗುತ್ತಾ ಬಂತು. ಹೆಂಗಸರು ಉಳಿದರು. ಲ್ಯಾನ್ಸಿಯ ಬಲಗೈ ಮೊಣಕೈಯಿಂದ ಕೆಳಗೆ ಹೋಯಿತು.

ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತು ಕೇಳಿದೆ, "ನಿಂಗೆ ಸಿಟ್ಟು ಬರುದಿಲ್ವಾ?"

"ಯಾರ ಮೇಲೆ, ವಾರಿಜಕ್ಕ? ಆ ಬೋಲ್ಟು ಬಿಟ್ಟವರು ಸತ್ತು ಎಷ್ಟು ಕಾಲ ಆಯ್ತು! ಬಿಡಿ."

ನನಗೆ ಬಿಡಲಾಗುತ್ತಿಲ್ಲ. ಶೆಟ್ಟಿಗಾರರು ಮರುದಿನವೇ ಬಂದು ಪ್ಯಾನೆಲ್ ಇಳಿಸಲು ಸಹಿ ಹಾಕಿದರು. ಅಂಚಿನಲ್ಲಿ ಗೀಚಿದವರ ಅದೇ ಕೈಬರಹ ಇನ್ನೂ ಏಳು ಕಟ್ಟಡಗಳ ನಕ್ಷೆಯಲ್ಲಿ ಸಿಕ್ಕಿದೆ. ಏಳರಲ್ಲೂ ಜನ ಇದ್ದಾರೆ, ಮಕ್ಕಳಿದ್ದಾರೆ. ಈ ತಿಂಗಳು ಗಾಳಿ ಇನ್ನೂ ಜೋರು, ಅದು ಇಳಿಯುವವರೆಗೆ ಅಲ್ಲಿ ಹಗ್ಗ ಹಾಕಿ ಇಳಿಯಲೂ ಸಾಧ್ಯವಿಲ್ಲ.

ಲ್ಯಾನ್ಸಿಯ ಲೆಕ್ಕಕ್ಕೆ ನೀವು ಸತ್ತವರು. ಆದರೆ ಈ ಕಾಗದ ಓದುವ ಹೊತ್ತಿಗೆ ನೀವು ಬದುಕಿದ್ದೀರಿ. ನಿಮ್ಮ ಕೆಲವು ಗೋಡೆಗಳ ಹಿಂಬದಿ ಇನ್ನೂ ತೆರೆದೇ ಇದೆ. ಪ್ಯಾನೆಲ್ ಕೂರಿಸಿದ ಮೇಲೆ ಅದರ ಹಿಂದೆ ಏನಿದೆಯೆಂದು ಯಾರೂ ನೋಡುವುದಿಲ್ಲ. ನಾಳೆ ನೀವೇ ಮೇಲೆ ಹತ್ತಿ, ಮೂಲೆಗೆ ಹೋಗಿ ಎಣಿಸಿ. ಕಡಿಮೆಯಿದ್ದರೆ ಉದ್ಘಾಟನೆಯನ್ನು ಮುಂದೆ ಹಾಕಿ. ನಿಮ್ಮ ಪಶ್ಚಾತ್ತಾಪ ನನಗೆ ಬೇಡ. ಇನ್ನೂ ಆರು ಬೋಲ್ಟು ಹಾಕಿ, ಸಾಕು.

ವಾರಿಜಾ ಕಾಂಚನ್