ಅಕ್ಕಿಯಲ್ಲಿ ಬರೆದ ಹೆಸರು

ಇಂಡಿ
೧೪ ಜೂನ್ ೨೦೦೪

ಪ್ರೀತಿಯ ಗುರುಬಾಯಿಗೆ,

ಈ ಹೆಸರನ್ನು ನಾನು ಬರೆಯುತ್ತಿರುವುದು ಇದೇ ಮೊದಲು.

ಹೋದ ವಾರ ಸಿಡಿಲಿಗೆ ನಮ್ಮ ಆಫೀಸಿನ ಡೊಮೇನ್ ಕಂಟ್ರೋಲರ್ ಸುಟ್ಟುಹೋಯಿತು. ಯಾವ ಯಂತ್ರ ನಮ್ಮದು, ಯಾವುದು ಹೊರಗಿನದು ಎಂದು ಗುರುತು ಹಿಡಿಯುವ ಕಂಪ್ಯೂಟರ್ ಅದು. ಹೊಸದನ್ನು ತಂದು ಹಳೆಯದರ ಹೆಸರನ್ನೇ ಇಟ್ಟೆ. ಆದರೂ ಆಫೀಸಿನ ಕಡತಗಳಿರುವ ಸರ್ವರ್ ಅದನ್ನು ನಂಬಲಿಲ್ಲ. ಅದು ನೋಡುವುದು ಹೆಸರನ್ನಲ್ಲ, ಒಳಗಿನ ಗುರುತನ್ನು. ಕೊನೆಗೆ ಆ ಸರ್ವರ್ ಅನ್ನು ಡೊಮೇನಿನಿಂದ, ಅಂದರೆ ಆ ಯಂತ್ರಗಳ ಮನೆತನದಿಂದ, ಹೊರಗೆ ತೆಗೆದು ಹೊಸದಾಗಿ ಸೇರಿಸಿಕೊಂಡೆ. ಆಮೇಲೆ ಕೆಲಸ ಶುರುವಾಯಿತು.

ಆಗ ನಮ್ಮ ಮದುವೆ ನೆನಪಾಯಿತು. ಪದ್ಧತಿಯಂತೆ ನಿನಗಿಡುವ ಹೊಸ ಹೆಸರನ್ನು ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ‘ಶೈಲಶ್ರೀ’ ಎಂದು ಬರೆದೆ. ನಿನ್ನನ್ನು ಒಂದು ಮಾತೂ ಕೇಳಲಿಲ್ಲ. ತಿಂಗಳ ಹಿಂದೆ ತವರಿಗೆ ಹೊರಟು ಇಂಗಳೇಶ್ವರದ ಬಸ್ಸು ಹತ್ತುವಾಗ ನೀನಂದೆ: “ಶೈಲಶ್ರೀ ಅಂದ್ರ ಬ್ಯಾರೆ ಯಾರನ್ನೋ ಕರದಂಗ ಆಗತೈತ್ರಿ.” ನಾನು ಕಿಟಕಿಯಿಂದ ಚೀಲ ಕೊಟ್ಟೆ.

ಬರುವಾಗ ನಿನ್ನ ಸಾಲಿ ಸರ್ಟಿಫಿಕೇಟು ತಾ. ರೇಷನ್ ಕಾರ್ಡಿನಲ್ಲಿ ಅದರಲ್ಲಿರುವ ಹೆಸರನ್ನೇ ಬರೆಸೋಣ.

ಈಗಷ್ಟೇ ಅವ್ವ ಬಂದು, “ಯಾರಿಗೆ ಬರ್ಯಾಕತ್ತೀ?” ಎಂದು ಕೇಳಿದಳು. “ಗುರುಬಾಯಿಗೆ” ಅಂದೆ. “ಹಂಗಾರ ಗುರುಬಾಯಿಗೆ ಲಗೂನ ಬಾ ಅಂತ ಬರಿ” ಅಂದಳು.

ಬರೆದಿದ್ದೇನೆ.

ನೀನು ಎಂದೂ ಹೆಸರು ಹಿಡಿದು ಕರೆಯದ
ಶ್ರೀಶೈಲ