ಹಾರ್ಮೋನಿಯಂ ಪೆಟ್ಟಿಗೆಯಲ್ಲಿದ್ದ ಮಾತ್ರೆ

೨೧-೨-೧೯೯೯, ಭಾನುವಾರ

ಶಾಂತಮಲ್ಲಪ್ಪನ ಮಾತು ಬೆಳಗಿನಿಂದ ತಲೆ ಬಿಟ್ಟು ಹೋಗಿಲ್ಲ. ಮಗ್ಗೆಯ ನಾಟಕ ಸಂಘದವರು ನಮ್ಮ ಯಜಮಾನರ ನೆನಪಿಗೆ ಪುಸ್ತಕ ತರುತ್ತಾರಂತೆ. ಹಾಡಿನ ನೋಟ್‌ಬುಕ್ ಕೇಳಲು ಬಂದವನು ಕಾಫಿ ಕುಡಿಯುತ್ತಾ ಅಂದ: "ಮಾತ್ರೆ ನುಂಗುದ್ರೆ ಒಂದ್ ಹಾಡೂ ಹುಟ್ಟಲ್ಲ ಅಂತಿದ್ರು ಕಣಕ್ಕ ಮೇಷ್ಟ್ರು. ಬುಟ್ ಮೇಲೆ ನೋಡು, ಮೂರೇ ದಿನಕ್ಕೆ ಇಡೀ ನಾಟಕದ ಹಾಡು ಬರೆದ್ಬುಟ್ರು."

ಬೈಪೋಲಾರ್, ಮನಸ್ಸು ಒಮ್ಮೆ ಉಕ್ಕಿ ಒಮ್ಮೆ ಕುಸಿಯುವ ಕಾಯಿಲೆ ಎಂದು ಡಾಕ್ಟರು ಹೇಳಿದ್ದು ನಮ್ಮಿಬ್ಬರಿಗೇ ಗೊತ್ತಿತ್ತು. ತಾಲ್ಲೂಕಿಗೆಲ್ಲ ಹೆಸರಾದ ಮನುಷ್ಯ, ಜನ ಏನಂದಾರೋ ಎಂದು ಹೆದರಿ, ಕೇಳಿದವರಿಗೆ ಗ್ಯಾಸ್ಟ್ರಿಕ್ ಮಾತ್ರೆ ಎನ್ನುತ್ತಿದ್ದೆ. ಅವನಿಗೆ ಹೇಗೆ ತಿಳಿಯಿತು? ಮಾತ್ರೆ ಬಿಡಿ ಎಂದವನು ಅವನೇ ಇರಬೇಕು. ಹಾಡು ಬೇಕಾಗಿದ್ದು ಅವನಿಗೆ ತಾನೆ. ಆಮೇಲೆ ಇವರು ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದಾಗ ಒಮ್ಮೆಯೂ ಬರಲಿಲ್ಲ. ಪುಷ್ಯದಲ್ಲಿ ಹೆಣಕ್ಕೆ ಹಾರ ತಂದ.

ನೋಟ್‌ಬುಕ್ ಕೊಡಲಿಲ್ಲ. ಹುಡುಕಬೇಕು ಎಂದು ಸಾಗಹಾಕಿದೆ.

ಆದರೆ ಕಳೆದ ಆಯುಧಪೂಜೆಯ ದಿನ ಹಾರ್ಮೋನಿಯಂಗೆ ಕುಂಕುಮ ಇಡಲು ಪೆಟ್ಟಿಗೆ ತೆರೆದವಳು ನಾನು. ಮೂಲೆಯಲ್ಲಿ ಮಾತ್ರೆಯ ಶೀಟುಗಳು ಒಡೆಯದೆ ಹಾಗೇ ಇದ್ದವು. ಅಂಗಳದಲ್ಲಿ ಇವರು ಹೊಸ ಹಾಡು ಹೇಳಿಕೊಳ್ಳುತ್ತಿದ್ದರು. ಆ ದನಿ ಕೇಳಿ ವರ್ಷವಾಗಿತ್ತು. ಇನ್ನೊಂದು ಸ್ವಲ್ಪ ಹೊತ್ತು ಹಾಡಲಿ ಎನ್ನಿಸಿ, ಸದ್ದಾಗದಂತೆ ಪೆಟ್ಟಿಗೆ ಮುಚ್ಚಿದೆ.